ಹವಾಲ್ದಾರರು ಹೋದ ಮೇಲೆ: ಒಂದು ಸೈನಿಕ ಕುಟುಂಬದ ಪ್ರಕರಣ ಅಧ್ಯಯನ

ಮಾಜಿ ಸೈನಿಕರೊಬ್ಬರು ತೀರಿಕೊಂಡರೆ ಮನೆಯವರು ಮೊದಲು ಯಾರಿಗೆ ತಿಳಿಸಬೇಕು? ಪಂಚಾಯಿತಿಗೆ, ಎಲ್‌ಐಸಿ ಏಜೆಂಟರಿಗೆ, ಬ್ಯಾಂಕಿಗೆ ಎಂದು ಜನ ಹೇಳುತ್ತಾರೆ. ಸೇನೆಗೂ ತಿಳಿಸಿ ಎಂದು ಹೇಳುವವರು ಕಡಿಮೆ. ನಿವೃತ್ತಿಯಾಗಿ ಆರು ವರ್ಷ ಆಯ್ತಲ್ಲ, ಇನ್ನು ಅವರಿಗೂ ಸೇನೆಗೂ ಏನು ಸಂಬಂಧ ಅಂತ ಅನಿಸುತ್ತೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಕಡೆಯ ಒಂದು ಹಳ್ಳಿಯ ಈ ಕುಟುಂಬಕ್ಕೂ ಹಾಗೇ ಅನಿಸಿತ್ತು.

ಹೆಸರು, ಊರು, ರೆಜಿಮೆಂಟ್ ಎಲ್ಲವನ್ನೂ ಬೇಕಂತಲೇ ಬಿಟ್ಟಿದ್ದೇನೆ. ಇದೇ ತೊಂದರೆ ಅನುಭವಿಸಿದ ಬೇರೆ ಮನೆಗಳ ಸಂಗತಿಗಳೂ ಇದರಲ್ಲಿ ಸೇರಿವೆ. ಹಾಗಾಗಿ ಇದನ್ನು ಒಂದೇ ಮನೆಯ ಗುಟ್ಟು ಎಂದು ಓದಬೇಡಿ. ನಿಯಮಗಳು ಮತ್ತು ಮೊತ್ತಗಳು ಮಾತ್ರ ಇದ್ದ ಹಾಗೇ ಇವೆ.

ಮನೆ

ಯಜಮಾನರು ಹವಾಲ್ದಾರ್. 1992ರಲ್ಲಿ ಭರ್ತಿಯಾಗಿ, 26 ವರ್ಷ ಸೇವೆ ಮಾಡಿ, 2018ರಲ್ಲಿ ನಿವೃತ್ತಿಯಾದರು. ಆಮೇಲೆ ಪಟ್ಟಣದಲ್ಲಿ ಸೆಕ್ಯೂರಿಟಿ ಗಾರ್ಡ್ ಕೆಲಸ ಹಿಡಿದರು. 2024ರ ಜುಲೈನಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು 51. ಮನೆಯಲ್ಲಿ ಹೆಂಡತಿ, ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ಮಗಳು, ಆಗಷ್ಟೇ ಪಿಯುಸಿ ಸೇರಿದ್ದ ಮಗ, ವಯಸ್ಸಾದ ಅತ್ತೆ. ಪಕ್ಕದ ಮನೆಯಲ್ಲೇ ಮೈದುನನ ಸಂಸಾರ. ಸೋಯಾಬೀನ್, ಕಡಲೆ ಬೆಳೆಯುವ ಸ್ವಲ್ಪ ಹೊಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅಷ್ಟು ವರ್ಷದ ಸೇವೆಯಲ್ಲಿ ಈ ತಾಯಿ ಗಂಡನ ಜೊತೆ ಕ್ವಾರ್ಟರ್ಸ್‌ನಲ್ಲಿ ಇದ್ದದ್ದು ಬರೀ ಎರಡು ಪೋಸ್ಟಿಂಗ್‌ನಲ್ಲಿ. ಉಳಿದ ಕಾಲವೆಲ್ಲ ಹಳ್ಳಿಯಲ್ಲೇ, ಅತ್ತೆ ಮಾವನ ಜೊತೆ. ಗಂಡ ವರ್ಷಕ್ಕೆ ರಜೆಗೆ ಬರುತ್ತಿದ್ದರು. ಇದು ಅಪರೂಪವೇನಲ್ಲ. ಫೀಲ್ಡ್ ಪೋಸ್ಟಿಂಗ್‌ಗೆ ಕುಟುಂಬ ಹೋಗುವ ಹಾಗಿಲ್ಲ. ಕುಟುಂಬ ಇರಬಹುದಾದ ಪೀಸ್ ಸ್ಟೇಷನ್ ಸಿಕ್ಕರೂ ಜವಾನರಿಗೆ ಕ್ವಾರ್ಟರ್ಸ್ ಸಿಗೋಕೆ ಸರತಿ ಇರುತ್ತೆ. ಮಕ್ಕಳ ಶಾಲೆ, ಹೊಲ, ವಯಸ್ಸಾದವರು ಅಂತ ಬಹಳ ಹೆಂಗಸರು ಊರಲ್ಲೇ ಉಳಿದುಬಿಡುತ್ತಾರೆ.

ಕಂಟೋನ್ಮೆಂಟ್‌ನಲ್ಲಿ ಇರುವ ಹೆಂಡತಿಗೆ ಸುತ್ತ ಒಂದು ವ್ಯವಸ್ಥೆ ಇರುತ್ತೆ. 1966ರಲ್ಲಿ ಶುರುವಾದ ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಷನ್, ಅಂದರೆ ಆವಾ ಇದೆ. ಯೂನಿಟ್ಟಿನಲ್ಲಿ ಫ್ಯಾಮಿಲಿ ವೆಲ್‌ಫೇರ್ ಮೀಟಿಂಗ್ ನಡೆಯುತ್ತೆ. ಅಲ್ಲಿ ವಿಮೆ, ನಾಮಿನಿ, ದಾಖಲೆ ಎಲ್ಲದರ ಬಗ್ಗೆ ಹೇಳುತ್ತಾರೆ. ಮೀಟಿಂಗು ಬೇಜಾರು ಅಂತ ಗೊಣಗಿದರೂ ನಾಲ್ಕು ಮಾತು ಕಿವಿಗೆ ಬಿದ್ದಿರುತ್ತೆ. ಹಳ್ಳಿಯಲ್ಲಿ ಉಳಿದವರಿಗೆ ಇದು ಯಾವುದೂ ತಲುಪುವುದಿಲ್ಲ. ಅವರ ಪಾಲಿಗೆ ಸೇನೆ ಅಂದರೆ ತಿಂಗಳ ದುಡ್ಡು ಮತ್ತು ರಜೆಯ ದಿನಗಳು, ಅಷ್ಟೇ. ನನ್ನ ಪ್ರಕಾರ ಮುಂದೆ ಆದ ತೊಂದರೆಗಳ ಬೇರು ಇಲ್ಲೇ ಇದೆ. ಯೋಜನೆಗಳು ಸಾಲದೆ ಈ ಮನೆ ಕಷ್ಟಪಡಲಿಲ್ಲ. ಯೋಜನೆಗಳೆಲ್ಲ ಸೈನಿಕನ ಹೆಸರಿನ ಮೂಲಕವೇ ಮನೆಗೆ ಬರುತ್ತಿದ್ದವು. ಅವರು ಹೋದ ದಿನ ಆ ದಾರಿ ಮುಚ್ಚಿತು.

ಮೊದಲ ಆರು ತಿಂಗಳು

ಸಾವಿನ ನೋಂದಣಿ ಬೇಗ ಆಯಿತು. 21 ದಿನದ ಒಳಗೆ ಮಾಡಿಸಿದರೆ ಶುಲ್ಕ ಇಲ್ಲ. ಹೊಲದ ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕಿತ್ತು, ಮೈದುನ ಓಡಾಡಿ ತಂದ. ನಾಡಕಚೇರಿಯಿಂದ ವಂಶವೃಕ್ಷವೂ ಬಂತು. ಅಂದರೆ ಗಂಡ ಹೋದ ಮೇಲೆ ಹೆಂಡತಿಗೆ ಬರುವ ಫ್ಯಾಮಿಲಿ ಪೆನ್ಷನ್ನಿಗೆ ಬೇಕಾದ ಮುಖ್ಯ ಕಾಗದಗಳು ಮೊದಲ ತಿಂಗಳಲ್ಲೇ ಮನೆಯಲ್ಲಿದ್ದವು! ಅವನ್ನು ಅಲ್ಲಿಗೂ ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಹೊಳೆಯದೆ ಇರೋಕೆ ಇನ್ನೊಂದು ಕಾರಣವೂ ಇತ್ತು. ಪೆನ್ಷನ್ ಬರುತ್ತಲೇ ಇತ್ತು. ತಿಂಗಳ ಕೊನೆಗೆ ಖಾತೆಗೆ ದುಡ್ಡು ಬೀಳುತ್ತಿತ್ತು. ಎಟಿಎಂ ಕಾರ್ಡು ಮೈದುನನ ಕೈಲಿತ್ತು. ಅವನು ತೆಗೆದು ಅತ್ತಿಗೆಗೆ ಕೊಡುತ್ತಿದ್ದ, ಸ್ವಲ್ಪ ಗೊಬ್ಬರಕ್ಕೆ, ಸ್ವಲ್ಪ ಮಗಳ ಹಾಸ್ಟೆಲ್ಲಿಗೆ. ಇದರಲ್ಲಿ ಕಳ್ಳತನ ಏನೂ ಇರಲಿಲ್ಲ. ಸರ್ಕಾರ ಕೊಡ್ತಾ ಇದೆ, ನಾವು ತಗೋತಾ ಇದ್ದೀವಿ ಅಂತ ಅಂದುಕೊಂಡಿದ್ದರು.

ಆದರೆ ಮನಸ್ಸಿನಲ್ಲಿ ಒಂದು ಅಳುಕು ಮಾತ್ರ ಇತ್ತು. ಊರಲ್ಲಿ ಒಂದು ಮಾತಿದೆ: "ಗಂಡ ಹೋದ್ರ ಪೆನ್ಷನ್ ಅರ್ಧ ಆಗತೈತಿ." ತಿಳಿಸಿದರೆ ಅರ್ಧ ಆಗುತ್ತೆ, ಸುಮ್ನೆ ಇದ್ದರೆ ಪೂರ್ತಿ ಬರುತ್ತೆ. ಯಾರೂ ಬಾಯಿಬಿಟ್ಟು ಹೀಗೆ ಹೇಳಲಿಲ್ಲ. ಆದರೆ ವಿಚಾರಿಸೋಕೆ ಯಾರೂ ಅವಸರ ಮಾಡಲೂ ಇಲ್ಲ.

ಪೆನ್ಷನ್‌ದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ತೋರಿಸಬೇಕು. ಬಹಳ ಜನರಿಗೆ ಅದು ನವೆಂಬರ್‌ನಲ್ಲಿ ಬರುತ್ತೆ. ಜೀವನ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರ 2014ರಿಂದ ಇದೆ. ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. 2024ರ ನವೆಂಬರ್‌ನಲ್ಲಿ ಒತ್ತಲು ಹವಾಲ್ದಾರರು ಇರಲಿಲ್ಲ. ಹೊಸ ವರ್ಷ ಶುರುವಾಗುತ್ತಿದ್ದಂತೆ ಪೆನ್ಷನ್ ನಿಂತಿತು.

ಬ್ಯಾಂಕು, ಸ್ಪರ್ಶ್, ಸತ್ತ ಸಿಮ್

ಮೊದಲು ಬ್ಯಾಂಕಿಗೆ ಹೋದರು. ಹಿಂದೆ ಪೆನ್ಷನ್ ಲೆಕ್ಕ ಹಾಕಿ ಕೊಡುತ್ತಿದ್ದದ್ದು ಬ್ಯಾಂಕೇ. ಈಗ ರಕ್ಷಣಾ ಪೆನ್ಷನ್ ಸ್ಪರ್ಶ್ ಎಂಬ ಕೇಂದ್ರ ವ್ಯವಸ್ಥೆಯಿಂದ ನೇರವಾಗಿ ಖಾತೆಗೆ ಬರುತ್ತೆ. ಅದರ ಹಿಂದಿರುವ ಕಚೇರಿ ಪ್ರಯಾಗರಾಜ್‌ನಲ್ಲಿದೆ. ಬ್ಯಾಂಕಿನವರು "ನಮ್ಮ ಕೈಲಿ ಏನೂ ಇಲ್ಲ" ಅಂದರು. ಮಾತು ನಿಜವೇ. ಆದರೆ ಯಾರ ಕೈಲಿದೆ ಅಂತ ಹೇಳಲಿಲ್ಲ. ಗಂಡ ತೀರಿಕೊಂಡಿದ್ದು ಗೊತ್ತಾದ ಕೂಡಲೇ ಎಟಿಎಂ ಮಾತ್ರ ಬಂದ್ ಮಾಡಿದರು.

ಆಮೇಲೆ ಊರಿನ ಸಾಮಾನ್ಯ ಸೇವಾ ಕೇಂದ್ರ. ಸ್ಪರ್ಶ್ ಕೆಲಸಗಳನ್ನು ಇಲ್ಲೂ ಮಾಡಿಸಬಹುದು. ಅಲ್ಲಿನ ಹುಡುಗ ಗಂಡನ ಲಾಗಿನ್ ತೆರೆಯಲು ನೋಡಿದ. ಒಟಿಪಿ ಹೋಗುವುದು ಗಂಡನ ಮೊಬೈಲಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿತ್ತು. ಹೋದವರ ಫೋನಿಗೆ ಯಾರು ತಾನೇ ರೀಚಾರ್ಜ್ ಮಾಡಿಸುತ್ತಾರೆ? ಇಂಥ ಮನೆಗಳಿಗೆ ನಾನು ಹೇಳುವ ಮೊದಲ ಮಾತು ಇದೇ: ಒಂದು ವರ್ಷ ಆ ಸಿಮ್ ಬಿಡಬೇಡಿ.

ಸಾವಿನ ವಿಷಯ ತಿಳಿಸೋಕೆ ಗಂಡನ ಲಾಗಿನ್ನೇ ಬೇಕು ಅಂತಲೂ ಇರಲಿಲ್ಲ. ಹುಡುಗನಿಗೆ ಅದು ಗೊತ್ತಿರಲಿಲ್ಲ, ಅವನು ದಿನವಿಡೀ ಪಹಣಿ, ಜಾತಿ ಪ್ರಮಾಣಪತ್ರ ತೆಗೆದುಕೊಡುವವನು. ಕೊನೆಗೆ ಒಂದು ಒಳ್ಳೆ ಕೆಲಸ ಮಾಡಿದ. ತಾಲ್ಲೂಕಿನ ಮಾಜಿ ಸೈನಿಕರ ಸಂಘಕ್ಕೆ ಹೋಗಿ ಅಂತ ಕಳಿಸಿದ.

ಪೆನ್ಷನ್ ಇಲ್ಲದ ಆ ತಿಂಗಳುಗಳಲ್ಲಿ ಮನೆ ನಡೆದದ್ದು ಗೃಹಲಕ್ಷ್ಮಿಯ 2,000 ರೂಪಾಯಿ, ಸ್ತ್ರೀಶಕ್ತಿ ಸಂಘದ ಸಾಲ ಮತ್ತು ಕಡಲೆ ಮಾರಿದ ದುಡ್ಡಿನಲ್ಲಿ. ಬೆಳಗಾವಿಗೆ ಓಡಾಟ ಶಕ್ತಿ ಯೋಜನೆಯ ಬಸ್ಸಿನಲ್ಲಿ, ಟಿಕೆಟ್ ಇಲ್ಲ. ಸೈನಿಕ ಕಲ್ಯಾಣದ ಪಟ್ಟಿಯಲ್ಲಿ ಇವುಗಳ ಹೆಸರು ಇರುವುದಿಲ್ಲ. ಆದರೆ ಆ ಹೊತ್ತಿಗೆ ಕೈ ಹಿಡಿದದ್ದು ಇವೇ.

"ನಂಬರ್ ಹೇಳವಾ"

ಸಂಘದಲ್ಲಿ ಸಿಕ್ಕಿದ್ದು ನಿವೃತ್ತ ಸುಬೇದಾರರು. ಅವರು ಕೇಳಿದ ಮೊದಲ ಪ್ರಶ್ನೆ: "ತಂಗಿ, ಯಜಮಾನ್ರ ನಂಬರ್ ಹೇಳವಾ."

"ಮೊಬೈಲ್ ನಂಬರ್ ಏನ್ರಿ ಅಣ್ಣಾರ?"

ಅವರು ಕೇಳಿದ್ದು ಆರ್ಮಿ ನಂಬರ್. ಸೇನೆಯಲ್ಲಿ ಹೆಸರಿಗಿಂತ ನಂಬರ್ ಮುಖ್ಯ. ಒಂದೇ ಹೆಸರಿನವರು ನೂರು ಜನ ಇರುತ್ತಾರೆ, ನಂಬರ್ ಒಬ್ಬರದೇ. ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆಯಲಿ, ವಿಮೆಗೆ ಬರೆಯಲಿ, ನಂಬರ್ ಇಲ್ಲದ ಪತ್ರ ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಆ ನಂಬರ್ ಗೊತ್ತಿರಲಿಲ್ಲ.

ಸುಬೇದಾರರು ಗದರಿಸಲಿಲ್ಲ. "ಮನ್ಯಾಗ ಕರೀ ಟ್ರಂಕ್ ಐತೇನು? ಅದರ ಮುಚ್ಚಳ ನೋಡ್ರಿ" ಅಂದರು. ಫೌಜಿಗಳ ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕ್, ಹೆಸರು ಬರೆದಿರುತ್ತೆ. ರೈಲಿನಲ್ಲಿ ಕಳೆದುಹೋಗಬಾರದು ಅಂತ. ಈ ಮನೆಯಲ್ಲಿ ಆ ಟ್ರಂಕಿನ ಮೇಲೆ ಹಾಸಿಗೆ ಪೇರಿಸಿಟ್ಟಿದ್ದರು. ನಂಬರ್ ಸಿಕ್ಕಿತು. ಒಳಗೆ ಡಿಸ್ಚಾರ್ಜ್ ಬುಕ್, ಪಿಪಿಒ ಅಂದರೆ ಪೆನ್ಷನ್ ಆದೇಶದ ಪ್ರತಿ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡು, ಮಡಚಿಟ್ಟ ಇನ್ನೊಂದು ಕಾಗದ. ಆ ಕಾಗದದ ಬೆಲೆ ಆಗ ಯಾರಿಗೂ ಗೊತ್ತಾಗಲಿಲ್ಲ. ಅದು ವಿಮೆಯದು, ಆಮೇಲೆ ಹೇಳುತ್ತೇನೆ.

ಮುಂದಿನ ಭಾನುವಾರ ಸುಬೇದಾರರು ಮನೆಗೇ ಬಂದರು. ಮೈದುನನನ್ನೂ ಕೂರಿಸಿಕೊಂಡರು. ಪಾಸ್‌ಬುಕ್ ತೆಗೆಸಿ, ಯಾವ ತಿಂಗಳು ಎಷ್ಟು ಬಂತು, ಎಷ್ಟು ತೆಗೆದಿರಿ ಎಂದು ಬರೆಸಿದರು. ಮೈದುನನಿಗೆ ಬೆವರು. ಜೈಲಾಗುತ್ತಾ ಅಂತ ಕೇಳಿದ. ತಿಳಿಯದೆ ತೆಗೆದದ್ದನ್ನು ಮುಚ್ಚಿಡದೆ ಹೇಳಿಬಿಡಿ, ಮುಂದಿನ ಬಾಕಿಯಲ್ಲಿ ಹಿಡಿದುಕೊಳ್ಳುತ್ತಾರೆ ಅಂದರು. ಇಲ್ಲಿ ಅವರ ಜಾಣ್ಮೆ ಇರುವುದು ಲೆಕ್ಕದಲ್ಲಿ ಅಲ್ಲ. ಅತ್ತಿಗೆ ಮೈದುನನ ಮೇಲೆ ಅನುಮಾನ ಪಡುವ ಮೊದಲೇ ಇಬ್ಬರ ಮುಂದೆ ಕಾಗದದ ಮೇಲೆ ಲೆಕ್ಕ ಇಟ್ಟರು. ಎಷ್ಟೋ ಮನೆಗಳು ಈ ಹಂತದಲ್ಲೇ ಒಡೆಯುತ್ತವೆ.

ಅರ್ಧ ಆಗುತ್ತೆ ಅಂದದ್ದು ಎಷ್ಟು ನಿಜ?

ಈಗ ಆ ಊರಮಾತಿಗೆ ಬರೋಣ. ಲೆಕ್ಕ ಸುಲಭ ಆಗಲಿ ಅಂತ ಕೊನೆಯ ಸಂಬಳ 40,000 ರೂಪಾಯಿ ಇತ್ತು ಎಂದು ಇಟ್ಟುಕೊಳ್ಳಿ.

ಸೈನಿಕರ ಪೆನ್ಷನ್ ಅದರ ಅರ್ಧ, 20,000. ಆದರೆ ನಿವೃತ್ತಿಯಾಗುವಾಗ ಬಹಳ ಜನ ಪೆನ್ಷನ್ನಿನ ಅರ್ಧದವರೆಗೆ ಕಮ್ಯೂಟ್ ಮಾಡುತ್ತಾರೆ. ಅಂದರೆ ಮುಂದೆ ಬರುವ ಪೆನ್ಷನ್ನಿನ ಒಂದು ಪಾಲನ್ನು ಮುಂಚೆಯೇ ಇಡಿಗಂಟಾಗಿ ತೆಗೆದುಕೊಳ್ಳುತ್ತಾರೆ. ಮನೆ ಕಟ್ಟೋಕೆ, ಸಾಲ ತೀರಿಸೋಕೆ. ಅದಕ್ಕಾಗಿ 15 ವರ್ಷ ತಿಂಗಳ ಪೆನ್ಷನ್ ಕಡಿತವಾಗುತ್ತೆ. ನಮ್ಮ ಹವಾಲ್ದಾರರೂ ಅದನ್ನೇ ಮಾಡಿದ್ದರು. ಅವರ ಕೈಗೆ ಬರುತ್ತಿದ್ದದ್ದು 10,000. ಬೆಲೆ ಏರಿಕೆಗೆ ಅಂತ ಕೊಡುವ ತುಟ್ಟಿ ಪರಿಹಾರ ಮಾತ್ರ ಪೂರ್ತಿ 20,000ದ ಮೇಲೆ ಸಿಗುತ್ತೆ. 2024ರ ಜುಲೈನಲ್ಲಿ ಅದು ಶೇ. 53, ಅಂದರೆ 10,600. ಒಟ್ಟು 20,600.

ಅವರು ಹೋದ ಮೇಲೆ ಹೆಂಡತಿಗೆ ಸಿಗುವ ಮಾಮೂಲಿ ಫ್ಯಾಮಿಲಿ ಪೆನ್ಷನ್ ಕೊನೆಯ ಸಂಬಳದ ಶೇ. 30, ಅಂದರೆ 12,000 ಮತ್ತು ಅದರ ಮೇಲೆ ತುಟ್ಟಿ ಪರಿಹಾರ. ಊರಿನವರಿಗೆ ಗೊತ್ತಿರುವುದು ಇದು. ಗೊತ್ತಿಲ್ಲದ್ದು ಇನ್ನೊಂದು ದರ. ನಿವೃತ್ತರು ತೀರಿಕೊಂಡರೆ ಮೊದಲ 7 ವರ್ಷ, ಅಥವಾ ಅವರು ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಹೆಚ್ಚಿನ ದರ, ಅಂದರೆ ಕೊನೆಯ ಸಂಬಳದ ಶೇ. 50 ಸಿಗುತ್ತೆ. ಅದು ಗಂಡನ ಪೂರ್ತಿ ಪೆನ್ಷನ್ನನ್ನು ಮೀರಬಾರದು, ಅಷ್ಟೇ. ಮತ್ತೆ ಗಂಡ ಮಾಡಿದ ಕಮ್ಯುಟೇಶನ್ನಿನ ಕಡಿತ ಹೆಂಡತಿಯ ಮೇಲೆ ಬೀಳುವುದಿಲ್ಲ.

ಈಗ ಲೆಕ್ಕ ಹಾಕಿ. ಹೆಂಡತಿಗೆ 20,000, ಅದರ ಮೇಲೆ 10,600. ಒಟ್ಟು 30,600. ಗಂಡ ಬದುಕಿದ್ದಾಗ ಮನೆಗೆ ಬರುತ್ತಿದ್ದದ್ದಕ್ಕಿಂತ ತಿಂಗಳಿಗೆ 10,000 ಜಾಸ್ತಿ!

ಸುಮ್ನೆ ಇದ್ದರೆ ಪೂರ್ತಿ ಬರುತ್ತೆ ಎಂದುಕೊಂಡವರು ತಮಗೇ ನಷ್ಟ ಮಾಡಿಕೊಳ್ಳುತ್ತಿದ್ದರು. ತಿಳಿಯದೆ ತೆಗೆದ ದುಡ್ಡನ್ನು ಹಿಡಿದುಕೊಂಡ ಮೇಲೂ ಬರಬೇಕಾದ ಬಾಕಿಯೇ ಜಾಸ್ತಿ ಇತ್ತು. ಸುಬೇದಾರರು ಈ ಲೆಕ್ಕವನ್ನು ಮಗಳ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಾಗ ಮೈದುನ ಎರಡೆರಡು ಸಲ ಕೂಡಿ ನೋಡಿದನಂತೆ. ಎಲ್ಲ ಮನೆಗೂ ಇದೇ ಫಲ ಸಿಗುತ್ತೆ ಅಂತಲ್ಲ. ಗಂಡ 67 ದಾಟಿ ತೀರಿಕೊಂಡಿದ್ದರೆ ನೇರವಾಗಿ ಶೇ. 30. ಆದರೆ ಚಿಕ್ಕ ವಯಸ್ಸಿನಲ್ಲಿ ಹೋದವರ ಮನೆಗಳಲ್ಲಿ ಈ ಊರಮಾತು ಮಾಡುವ ಹಾನಿ ದೊಡ್ಡದು.

ಬಾಯಿ ಮತ್ತು ಅವ್ವ

ಅರ್ಜಿ ಹಾಕೋಕೆ ಕುಳಿತಾಗ ಗೊತ್ತಾಯಿತು: ಪಿಪಿಒದಲ್ಲಿ ಹೆಂಡತಿಯ ಹೆಸರಿನ ಕೊನೆಗೆ "ಬಾಯಿ" ಇತ್ತು. ಆಧಾರ್‌ನಲ್ಲಿ "ಅವ್ವ". ಹುಟ್ಟಿದ ದಿನವೂ ಬೇರೆ. ಆಧಾರ್‌ನಲ್ಲಿ ಜನವರಿ 1. ಹಳ್ಳಿಯಲ್ಲಿ ಎಷ್ಟು ಜನ ಜನವರಿ 1ರಂದು ಹುಟ್ಟಿದ್ದಾರೆ ನೋಡಿ, ಆಧಾರ್ ಮಾಡಿಸುವಾಗ ತಾರೀಖು ಗೊತ್ತಿಲ್ಲ ಅಂದವರಿಗೆಲ್ಲ ಅದೇ ದಿನ. ಉತ್ತರ ಕರ್ನಾಟಕದ ಸೈನಿಕರ ಮನೆಗಳಲ್ಲಿ ಈ ಬಾಯಿ–ಅವ್ವ ತೊಡಕು ತುಂಬಾ ಇದೆ. ಮದುವೆಯಾದ ಮೇಲೆ ಯೂನಿಟ್ಟಿನಲ್ಲಿ ಹೆಸರು ಬರೆಸುವಾಗ ಗಂಡ ಹೇಳಿದ್ದು ಒಂದು, ಬರೆದುಕೊಂಡವರು ತಮಗೆ ರೂಢಿ ಇದ್ದ ಹಾಗೆ ಬರೆದದ್ದು ಇನ್ನೊಂದು. ಹೆಂಡತಿ ಎದುರಿಗೆ ಇದ್ದು ಕೇಳಿಸಿಕೊಂಡದ್ದೇ ಇಲ್ಲ.

ಎರಡು ದಾರಿ ಇದ್ದವು. ಆಧಾರ್ ತಿದ್ದಿಸುವುದು, ಇಲ್ಲವೇ ಸೇನೆಯ ದಾಖಲೆ ತಿದ್ದಿಸುವುದು. ಆಧಾರ್ ಸುಲಭ ಅಂತ ಎಲ್ಲರೂ ಹೇಳಿದರು. ಸುಬೇದಾರರು ಬೇಡ ಅಂದರು, ನನಗೂ ಅದೇ ಸರಿ ಅನಿಸುತ್ತೆ. ಆಧಾರ್ ಬದಲಿಸಿದರೆ ರೇಷನ್ ಕಾರ್ಡು, ಬ್ಯಾಂಕು, ಹೊಲದ ಖಾತೆ, ಮಕ್ಕಳ ಮಾರ್ಕ್ಸ್ ಕಾರ್ಡಿನ ತಾಯಿಯ ಹೆಸರು, ಗೃಹಲಕ್ಷ್ಮಿ, ಎಲ್ಲ ಕಡೆ ಹೊಸ ತಕರಾರು ಶುರುವಾಗುತ್ತೆ. ತಪ್ಪು ಎಲ್ಲಿದೆಯೋ ಅಲ್ಲೇ ತಿದ್ದಬೇಕು.

ಸೇನೆಯ ದಾಖಲೆ ತಿದ್ದುವುದು ರೆಕಾರ್ಡ್ ಆಫೀಸಿನ ಕೆಲಸ. ಪ್ರತಿ ರೆಜಿಮೆಂಟಿಗೆ, ಕೋರ್‌ಗೆ ತನ್ನದೇ ರೆಕಾರ್ಡ್ ಆಫೀಸ್ ಇರುತ್ತೆ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲೇ ಇದೆ. ಮದ್ರಾಸ್ ಸ್ಯಾಪರ್ಸ್ ಅಂದರೆ ಎಂಇಜಿಯದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಆರ್ಟಿಲರಿಯದು ನಾಸಿಕ್‌ನಲ್ಲಿ. ಒಂದೇ ಓಣಿಯ ಇಬ್ಬರು ಮಾಜಿ ಸೈನಿಕರ ಕಾಗದ ಎರಡು ರಾಜ್ಯಕ್ಕೆ ಹೋಗುತ್ತೆ. ನಮ್ಮ ಹವಾಲ್ದಾರರದು ಹೊರ ರಾಜ್ಯದಲ್ಲಿತ್ತು. ಅಲ್ಲಿಗೆ ಕನ್ನಡದಲ್ಲಿ ಬರೆಯುವ ಹಾಗಿಲ್ಲ, ಫೋನ್ ಮಾಡಿದರೆ ಹಿಂದಿಯಲ್ಲಿ ಮಾತಾಡಬೇಕು.

ಇಲ್ಲಿ ಬರುವುದು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ. ಕೇಂದ್ರದಲ್ಲಿ ರಕ್ಷಣಾ ಮಂತ್ರಿಗಳ ಅಧ್ಯಕ್ಷತೆಯ ಕೇಂದ್ರೀಯ ಸೈನಿಕ ಮಂಡಳಿ, ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಅದರ ಕೆಳಗೆ ಈ ಕಚೇರಿಗಳು. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಕರ್ನಾಟಕದ ಎಲ್ಲ ಜಿಲ್ಲೆಯಲ್ಲೂ ಕಚೇರಿ ಇಲ್ಲ. ಕೆಲವು ಕಚೇರಿಗಳು ಪಕ್ಕದ ಜಿಲ್ಲೆಯನ್ನೂ ನೋಡಿಕೊಳ್ಳುತ್ತವೆ. ಬೆಳಗಾವಿಯಲ್ಲಿ ಇದೆ. ಮಾಜಿ ಸೈನಿಕರೇ ಆಗಿರುವ ವೆಲ್‌ಫೇರ್ ಆರ್ಗನೈಸರ್‌ಗಳು ಇಲ್ಲಿ ಇರುತ್ತಾರೆ. ಕಾಗದ ನೋಡಿ, ದೃಢೀಕರಿಸಿ, ರೆಕಾರ್ಡ್ ಆಫೀಸಿಗೆ ಅರ್ಥವಾಗುವ ಭಾಷೆಯಲ್ಲಿ ಪತ್ರ ಬರೆದು ಕಳಿಸುವುದು ಇವರ ಕೆಲಸ. ಅವರ ಮೊಹರು ಬಿದ್ದ ಪತ್ರಕ್ಕೆ ಸಿಗುವ ಮರ್ಯಾದೆ ನಮ್ಮ ನಿಮ್ಮ ಅರ್ಜಿಗೆ ಸಿಗುವುದಿಲ್ಲ.

ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿದರು. ಹುಟ್ಟಿದ ದಿನಕ್ಕೆ ಅವರು ಐದನೇ ಇಯತ್ತೆವರೆಗೆ ಓದಿದ ಶಾಲೆಯ ದಾಖಲೆ ಹುಡುಕಿಸಿದರು. ಅಲ್ಲಿ ತಾರೀಖು ಇತ್ತು, ಅದು ಜನವರಿ 1ಕ್ಕೂ ಹೊಂದಲಿಲ್ಲ, ಸೇನೆಯ ದಾಖಲೆಗೂ ಹೊಂದಲಿಲ್ಲ! ಕೊನೆಗೆ ಶಾಲೆಯ ದಾಖಲೆ ಹಿಡಿದು ಎರಡು ಕಡೆಯ ತಾರೀಖನ್ನೂ ಸರಿ ಮಾಡಿಸಬೇಕಾಯಿತು. ಇದಕ್ಕೆ ಹಿಡಿದದ್ದು ತಿಂಗಳುಗಳು.

ಜೊತೆಗೆ ಹೋದವರು

ಸುಬೇದಾರರ ಬಗ್ಗೆ ಇಷ್ಟು ಹೇಳಿದ ಮೇಲೆ ಸಂಘದ ಬಗ್ಗೆ ಒಂದು ಕಟು ಮಾತೂ ಹೇಳಬೇಕು. ಸಂಘದ ಮೀಟಿಂಗ್ ಅಂದರೆ ಗಂಡಸರ ಮೀಟಿಂಗ್. ಸದಸ್ಯರ ಪಟ್ಟಿಯಲ್ಲಿ ವಿಧವೆಯರ ಹೆಸರಿದೆ. ಆದರೆ ಕುರ್ಚಿಯಲ್ಲಿ ಕೂತು ಮಾತಾಡುವವರು ಯಾರೂ ಇರಲಿಲ್ಲ. ಈ ತಾಯಿ ಮೊದಲ ಎರಡು ಸಲ ಹೋದಾಗ ಕಟ್ಟೆ ಮೇಲೆ ಕೂತು, ಮೈದುನ ಒಳಗೆ ಹೋಗಿ ಕೇಳಿಕೊಂಡು ಬರುವವರೆಗೆ ಕಾದರು. ಅವರದೇ ಕೆಲಸ, ಅವರೇ ಹೊರಗೆ.

ಸುಬೇದಾರರಿಗೆ ಇದು ಕಂಡಿತು. ಪಕ್ಕದ ಹಳ್ಳಿಯಲ್ಲಿ ಕೆಲವು ವರ್ಷಗಳ ಹಿಂದೆ ಇದೇ ದಾರಿ ಸವೆಸಿದ ಇನ್ನೊಬ್ಬ ಸೈನಿಕರ ಪತ್ನಿಗೆ ಹೇಳಿ ಕಳಿಸಿದರು. ಅಲ್ಲಿಂದ ಮುಂದೆ ಬೆಳಗಾವಿಗೆ ಹೋದದ್ದೆಲ್ಲ ಆ ಇಬ್ಬರು ಹೆಂಗಸರೇ. ಆಕೆ ಹೇಳಿಕೊಟ್ಟದ್ದು ಯಾವ ಪುಸ್ತಕದಲ್ಲೂ ಇಲ್ಲ. ಯಾವ ಕಾಗದಕ್ಕೂ ಎರಡೆರಡು ಝೆರಾಕ್ಸ್ ಇರಲಿ. ಫೋಟೋ, ಗೋಂದು, ಪೆನ್ನು ಚೀಲದಲ್ಲೇ ಇರಲಿ. ಒರಿಜಿನಲ್ ತೋರಿಸು, ಬಿಟ್ಟು ಬರಬೇಡ. ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಸೀಲ್ ಹಾಕಿಸಿಕೋ. "ಸಾಹೇಬ್ರು ಇಲ್ಲ, ನಾಳಿ ಬರ್ರಿ ಅಂದ್ರ ಎದ್ದು ಬರಬ್ಯಾಡ, ನಾಳಿ ಯಾವ ತಾಸಿಗೆ ಅಂತ ಕೇಳ." ಅಳು ಬಂದರೆ ಅಲ್ಲೇ ಅಳು, ಏನೂ ತಪ್ಪಿಲ್ಲ, ಆದರೆ ಕಾಗದ ಕೊಟ್ಟ ಮೇಲೆ ಅಳು ಅಂತಲೂ ಹೇಳಿದ್ದರಂತೆ.

ಯುದ್ಧದಲ್ಲಿ ಅಥವಾ ಕಾರ್ಯಾಚರಣೆಯಲ್ಲಿ ಮಡಿದವರ ಪತ್ನಿಯನ್ನು ವೀರ ನಾರಿ ಎಂದು ಕರೆಯುತ್ತಾರೆ. ಅವರ ಮನೆಗೆ ಯೂನಿಟ್ ಬರುತ್ತೆ, ಅಧಿಕಾರಿಗಳು ಬರುತ್ತಾರೆ, ಮಂತ್ರಿಗಳೂ ಬರುತ್ತಾರೆ. ಅವರ ಪೆನ್ಷನ್ ದರವೂ ಬೇರೆ, ಕೊನೆಯ ಸಂಬಳದಷ್ಟೇ. ಬರಲೇಬೇಕಾದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟೇ ವರ್ಷ ದುಡಿದು ಊರಿಗೆ ಬಂದು ಹೃದಯಾಘಾತದಿಂದ ಹೋದವರ ಮನೆಗೆ ಯಾರೂ ಬರುವುದಿಲ್ಲ. ತಿಳಿದರೆ ತಾನೇ ಬರೋದು? ನಿವೃತ್ತರ ಸಾವನ್ನು ಸೇನೆಗೆ ತಾನಾಗಿ ತಿಳಿಸುವ ವ್ಯವಸ್ಥೆ ಹಳ್ಳಿಯಲ್ಲಿ ಕಾಣುವುದಿಲ್ಲ. ಸಾವಿನ ನೋಂದಣಿ ಮಾಡುವ ಕಡೆ "ತೀರಿಕೊಂಡವರು ಮಾಜಿ ಸೈನಿಕರೇ?" ಎಂದು ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು. ಈ ಮನೆಯ ಆರು ತಿಂಗಳು ಉಳಿಯುತ್ತಿತ್ತು.

ತಮಾಷೆ ಅಂದರೆ, ಇಷ್ಟೆಲ್ಲದರ ನಡುವೆ ನೆಂಟರಲ್ಲಿ ಒಂದಿಬ್ಬರು ತಪ್ಪದೆ ಕೇಳುತ್ತಿದ್ದದ್ದು "ಕ್ಯಾಂಟೀನ್ ಕಾರ್ಡ್ ಏನಾತು?" ಅಂತ. ಪತ್ನಿಯ ಹೆಸರಿಗೂ ಕಾರ್ಡ್ ಸಿಗುತ್ತೆ ನಿಜ. ಅವರ ಕಾಳಜಿ ಯಾವ ಬಾಟಲಿಯ ಮೇಲೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಸಿಕ್ಕಿದ್ದು, ತಪ್ಪಿದ್ದು

ಟ್ರಂಕಿನಲ್ಲಿ ಸಿಕ್ಕ ಮಡಚಿದ ಕಾಗದ ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನದು. ಈ ನಿಧಿ 1976ರಲ್ಲಿ ಶುರುವಾಯಿತು. ಸೇವೆಯಲ್ಲಿರುವಾಗ ಪ್ರತಿ ತಿಂಗಳು ಸಂಬಳದಲ್ಲಿ ಕಡಿತ ಆಗುತ್ತೆ, ಅದು ಎಲ್ಲರಿಗೂ ಗೊತ್ತು. ನಿವೃತ್ತಿಯಾಗುವಾಗ ಒಂದೇ ಸಲ ಕಂತು ಹಿಡಿದುಕೊಂಡು, ಆಮೇಲೂ ಹಲವು ವರ್ಷ ವಿಮೆ ಮುಂದುವರಿಸುತ್ತಾರೆ. ಇದು ಬಹಳ ಮನೆಗಳಿಗೆ ಗೊತ್ತಿಲ್ಲ. ಕೇಳದಿದ್ದರೆ ಯಾರೂ ತಂದು ಕೊಡುವುದಿಲ್ಲ. ಇವರು ಕೇಳಿದರು. ನಾಮಿನಿಯ ಜಾಗದಲ್ಲಿ ಹೆಂಡತಿಯ ಹೆಸರೇ ಇತ್ತು, ಬಾಯಿಯೊಂದಿಗೆ. ಅಫಿಡವಿಟ್ ಇಲ್ಲೂ ಕೆಲಸಕ್ಕೆ ಬಂತು. ಎಷ್ಟೋ ಕಡೆ ಭರ್ತಿಯಾದ ದಿನ ಬರೆಸಿದ ತಾಯಿಯ ಹೆಸರೇ ಕೊನೆವರೆಗೂ ಉಳಿದಿರುತ್ತೆ. ಆಗ ಅತ್ತೆ ಸೊಸೆ ಎದುರು ಬದುರು ನಿಲ್ಲುವ ಪರಿಸ್ಥಿತಿ. ಈ ಮನೆಯ ಪುಣ್ಯ, ಅದು ತಪ್ಪಿತು.

ಇಸಿಎಚ್‌ಎಸ್ 2003ರಲ್ಲಿ ಬಂದ ಆರೋಗ್ಯ ಯೋಜನೆ. ಬೆಳಗಾವಿಯಲ್ಲಿ ಅದರ ಪಾಲಿಕ್ಲಿನಿಕ್ ಇದೆ. ಗಂಡನ ಕಾರ್ಡ್ ಒಪ್ಪಿಸಿ, ಹೆಂಡತಿಯನ್ನು ಮುಖ್ಯ ಸದಸ್ಯೆ ಮಾಡಿಸಬೇಕು. ಕಟ್ಟಬೇಕಾದ ದುಡ್ಡನ್ನು ಗಂಡ ಮೊದಲೇ ಕಟ್ಟಿರುತ್ತಾರೆ. ಮಗ 25 ವರ್ಷದವರೆಗೆ, ಮಗಳು ಮದುವೆ ಅಥವಾ ಕೆಲಸ ಆಗುವವರೆಗೆ ಇದರಲ್ಲಿ ಇರುತ್ತಾರೆ. ಈ ಕೆಲಸ ಹೆಚ್ಚು ತೊಂದರೆ ಇಲ್ಲದೆ ಮುಗಿಯಿತು.

ತಪ್ಪಿಹೋದದ್ದು ಮಗಳ ವಿದ್ಯಾರ್ಥಿವೇತನ. ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಎಂಜಿನಿಯರಿಂಗ್, ಮೆಡಿಕಲ್‌ನಂಥ ವೃತ್ತಿಪರ ಕೋರ್ಸಿಗೆ ಸೇರಿದ ಮಾಜಿ ಸೈನಿಕರ ಮಕ್ಕಳಿಗೆ ತಿಂಗಳಿಗೆ ಹುಡುಗಿಯರಿಗೆ 3,000, ಹುಡುಗರಿಗೆ 2,500 ರೂಪಾಯಿ ಸಿಗುತ್ತೆ. ವರ್ಷಕ್ಕೆ 5,500 ಮಕ್ಕಳಿಗೆ. ಪಿಯುಸಿಯಲ್ಲಿ ಕನಿಷ್ಠ ಶೇ. 60 ಇರಬೇಕು, ಮತ್ತು ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಮಗಳು ಮೊದಲ ವರ್ಷದಲ್ಲಿದ್ದಾಗ ಅಪ್ಪ ಬದುಕಿದ್ದರು. ಅದು ಹುತಾತ್ಮರ ಮಕ್ಕಳಿಗೆ ಮಾತ್ರ ಅಂತ ಅವರು ತಿಳಿದಿದ್ದರು. ಹುತಾತ್ಮರ ಮಕ್ಕಳಿಗೆ ಆದ್ಯತೆ ಇದೆ, ಆದರೆ ಅವರಿಗೆ ಮಾತ್ರ ಅಲ್ಲ. ಮಗಳಿಗೆ ಒಳ್ಳೆ ಮಾರ್ಕ್ಸ್ ಇತ್ತು. ಆಯ್ಕೆ ಆಗಿದ್ದರೆ ನಾಲ್ಕು ವರ್ಷಕ್ಕೆ 1,44,000 ರೂಪಾಯಿ ಬರುತ್ತಿತ್ತು. ಎರಡನೇ ವರ್ಷಕ್ಕೆ ಬಂದವರಿಗೆ ಆ ಬಾಗಿಲು ಮುಚ್ಚಿದೆ. ಹಾಗಾಗಿ ಗೊತ್ತಿಲ್ಲದವರು ಹೆಂಗಸರು ಮಾತ್ರ ಅಂತ ಯಾರೂ ಅಂದುಕೊಳ್ಳಬೇಡಿ.

ಮಗನಿಗೆ ಬೇರೆ ದಾರಿ ಸಿಕ್ಕಿತು. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಹವಾಲ್ದಾರ್‌ವರೆಗಿನ ರ‍್ಯಾಂಕಿನವರ ಇಬ್ಬರು ಮಕ್ಕಳಿಗೆ ಒಂದನೇ ತರಗತಿಯಿಂದ ಪದವಿವರೆಗೆ ಶಿಕ್ಷಣ ಸಹಾಯಧನ ಇದೆ. ತಿಂಗಳಿಗೆ 1,000 ಇದ್ದದ್ದು 2025ರ ನವೆಂಬರ್ 1ರ ನಂತರದ ಅರ್ಜಿಗಳಿಗೆ 2,000 ಆಗಿದೆ. ಹೆಣ್ಣುಮಕ್ಕಳ ಮದುವೆಯ ಸಹಾಯಧನವೂ ಅದೇ ದಿನದಿಂದ 50,000ದಿಂದ 1 ಲಕ್ಷಕ್ಕೆ ಏರಿದೆ. ಈ ದುಡ್ಡು ಬರುವುದು ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯಿಂದ. ಡಿಸೆಂಬರ್ 7ರಂದು ಶಾಲೆಯಲ್ಲಿ ಮಕ್ಕಳ ಅಂಗಿಗೆ ಪುಟ್ಟ ಬಾವುಟ ಚುಚ್ಚಿ ಕೇಳುವ ಚಿಲ್ಲರೆ ದುಡ್ಡು ಇದೆಯಲ್ಲ, ಅದೂ ಇದಕ್ಕೇ ಸೇರುತ್ತೆ.

ಈಗಿನ ಸ್ಥಿತಿ

ದಾಖಲೆ ತಿದ್ದುಪಡಿ ಆದ ಮೇಲೆ ಫ್ಯಾಮಿಲಿ ಪೆನ್ಷನ್ ಶುರುವಾಯಿತು. ಹೆಚ್ಚುವರಿ ತೆಗೆದದ್ದನ್ನು ಹಿಡಿದುಕೊಂಡು ಬಾಕಿ ಬಂತು. ಸ್ತ್ರೀಶಕ್ತಿ ಸಂಘದ ಸಾಲ ಮೊದಲು ತೀರಿಸಿದರು. ಹೊಸ ಖಾತೆ ಅವರೊಬ್ಬರ ಹೆಸರಿನಲ್ಲಿದೆ, ಮೊಬೈಲ್ ನಂಬರ್ ಅವರದೇ, ಎಟಿಎಂ ಕಾರ್ಡ್ ಅವರ ಕೈಲಿದೆ. ಮೈದುನ ಹೊಲ ನೋಡಿಕೊಳ್ಳುತ್ತಾನೆ. ವರ್ಷದ ಜೀವನ ಪ್ರಮಾಣಪತ್ರವನ್ನು ಈಗ ಅವರೇ ಹೋಗಿ ಮಾಡಿಸಬೇಕು, ಮಾಡಿಸುತ್ತಿದ್ದಾರೆ.

ಹೆಚ್ಚಿನ ದರ ಇರುವುದು 2031ರ ಜುಲೈವರೆಗೆ. ಅಲ್ಲಿಂದ ಶೇ. 30ಕ್ಕೆ ಇಳಿಯುತ್ತೆ. ಇದನ್ನು ಮುಂಚೆಯೇ ಹೇಳದಿದ್ದರೆ ಮತ್ತೆ ಒಂದು ದಿನ "ಪೆನ್ಷನ್ ಕಟ್ ಮಾಡಿದ್ರು" ಅಂತ ಗಾಬರಿ ಆಗುತ್ತಿತ್ತು. ಅಷ್ಟರೊಳಗೆ ಮಗನ ಓದು ಮುಗಿಸುವ ಲೆಕ್ಕ ಹಾಕಿದ್ದಾರೆ. ಅವನು ಸಿಇಟಿ ಬರೆಯುವಾಗ ಮಾಜಿ ಸೈನಿಕರ ಮಕ್ಕಳಿಗಿರುವ ವಿಶೇಷ ವರ್ಗದ ಸೀಟಿಗೂ ಅರ್ಜಿ ಹಾಕಬೇಕು. ಎಂಜಿನಿಯರಿಂಗ್ ಸಿಕ್ಕರೆ ಮೊದಲ ವರ್ಷದಲ್ಲೇ ವಿದ್ಯಾರ್ಥಿವೇತನಕ್ಕೂ ಹಾಕಬೇಕು. ಎರಡಕ್ಕೂ ಬೇಕಾದ ಕಾಗದಗಳ ಪ್ರತಿ ಮಗಳು ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ.

ಸಂಘದ ಮೀಟಿಂಗಿಗೆ ಈಗ ಆ ಇಬ್ಬರು ಹೆಂಗಸರೂ ಹೋಗುತ್ತಾರೆ, ಕಟ್ಟೆ ಮೇಲೆ ಕೂರುವುದಿಲ್ಲ. ಹೋದ ಸಲ ಅವರು ಕೇಳಿದ್ದು ಒಂದೇ: ಸದಸ್ಯರೆಲ್ಲ ತಮ್ಮ ಪಿಪಿಒದಲ್ಲಿ ಹೆಂಡತಿಯ ಹೆಸರು ಏನಿದೆ ಎಂದು ನೋಡಿಕೊಂಡು ಬರಲಿ. ನೋಡಿ ಬಂದವರಲ್ಲಿ ಹಲವರ ಮನೆಯಲ್ಲಿ ಹೆಸರೋ ತಾರೀಖೋ ತಾಳೆ ಆಗಿಲ್ಲ. ಸುಬೇದಾರರ ಸ್ವಂತ ಪಿಪಿಒದಲ್ಲೂ ಆಗಿಲ್ಲ. ಅವರ ಅರ್ಜಿ ಈಗ ರೆಕಾರ್ಡ್ ಆಫೀಸಿನಲ್ಲಿದೆ.